ಶಾಲೆಗಳ ತುಲನೆ: ಒಂದು ತಖ್ತೆಯ ವಿಮರ್ಶೆ

ನಗರದ ಸರಕಾರಿ ಶಾಲೆಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ತಿಳಿಯಬಯಸುವವರು ಈಗ ಶಾಲೆಯ ಹೊಸ್ತಿಲನ್ನು ತುಳಿಯಬೇಕಾದ ಅವಶ್ಯಕತೆಯಿಲ್ಲ. ದೇಶದ ಪ್ರತಿಯೊಂದು ಶಾಲೆಗೂ ಹನ್ನೊಂದು ಅಂಕಿಗಳ ಸಂಕೇತಸಂಖ್ಯೆಯೊಂದುಂಟು. ಅದರ ಮೊದಲಿನ ಎರಡು ಅಂಕಿಗಳು ರಾಜ್ಯವನ್ನೂ (ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29), ಮುಂದಿನವು ಕ್ರಮವಾಗಿ ಜಿಲ್ಲೆ, ತಾಲೂಕು, ಗ್ರಾಮ ಅಥವಾ ವಾರ್ಡುಗಳನ್ನೂ, ಕೊನೆಯ ಎರಡು ಶಾಲೆಯನ್ನೂ ಸೂಚಿಸುತ್ತವೆ. ಆ ಸಂಖ್ಯೆಯ ಬೆನ್ನು ಹಿಡಿದರೆ ಕೋಣೆಗಳೆಷ್ಟು, ಶಿಕ್ಷಕರೆಷ್ಟು, ಹುಡುಗಿಯರಿಗೆ ಬೇರೆ ಶೌಚಗೃಹವುಂಟೋ ಇಲ್ಲವೋ ಎಂಬುದೆಲ್ಲ ಒಂದೆರಡು ಪುಟಗಳಲ್ಲಿ ದೊರೆಯುತ್ತದೆ. 1994-95ರ ಸುಮಾರಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಅಂಗವಾಗಿ ಹುಟ್ಟಿದ ಈ ಮಾಹಿತಿಸಂಗ್ರಹವು 2012-13ರಲ್ಲಿ ಪ್ರೌಢಶಾಲೆಗಳನ್ನೂ ಒಳಗೊಂಡು ‘ಯು-ಡೈಸ್’ ಎನಿಸಿತು; 2018-19ರಿಂದ ಅದಕ್ಕೆ ‘ಪ್ಲಸ್’ ಎಂಬ ಬಾಲವೂ ಸೇರಿತು.

ಇಂಥ ಪುಟಗಳನ್ನು ಓದುವ ಪ್ರಸಂಗ ಪ್ರಸ್ತುತ ಲೇಖಕನಿಗೆ ಒದಗಿದ್ದು ಆಕಸ್ಮಿಕವಾಗಿ. ಕ್ಯಾಂಪಿನ ಸುತ್ತಮುತ್ತಲಿನ ಸಾರ್ವಜನಿಕ ಶಾಲೆಗಳಿಗೆ ಪುಸ್ತಕಗಳನ್ನು ಕೊಡಬೇಕೆಂದು ಕೆಲವು ಕನ್ನಡ ಮಿತ್ರರು ನಿಶ್ಚಯಿಸಿದರು. ಯಾವ ಶಾಲೆಗೆ ಮೊದಲು ಎಂಬ ಚರ್ಚೆ ಬೆಳೆದಾಗ, “ನೀವು ಬ್ಯಾಂಕಿನವರು, ಲೆಕ್ಕ ಬಲ್ಲವರು” ಎಂದು ಆ ಹೊರೆ ನನ್ನ ಕೊರಳಿಗೆ ಬಿತ್ತು. (‘ಸಾರ್ವಜನಿಕ ಶಾಲೆ’ ಎಂದರೆ ನಾನು ನಗರಪಾಲಿಕೆ ಮತ್ತು ದಂಡುಮಂಡಲಿಯ ಶಾಲೆಗಳನ್ನು ಹೇಳುತ್ತಿದ್ದೇನೆ. ನಮ್ಮ ದೇಶದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಫಲಕ ಹೊತ್ತ ಕಟ್ಟಡದೊಳಕ್ಕೆ ಸಾಮಾನ್ಯ ಜನಕ್ಕೆ ಪ್ರವೇಶ ಕಷ್ಟವೆಂಬುದು ವಾಚಕರಿಗೆ ವಿದಿತವೇ ಆಗಿದೆ.) ಎರಡು ರವಿವಾರ ಕೂತು ತಖ್ತೆಯೊಂದನ್ನು ರಚಿಸಿದೆ, ಶಾಲೆಗಳಿಗೆ ಗುಣಾನುಕ್ರಮವನ್ನೂ ಹಚ್ಚಿದೆ. ಆ ತಖ್ತೆ ತಪ್ಪಾಗಿತ್ತು. ಕೂಡಿಸುವುದರಲ್ಲಿ, ಭಾಗಿಸುವುದರಲ್ಲಿ ದೋಷವಿರಲಿಲ್ಲ; ಓದುವುದರಲ್ಲಿತ್ತು.

ಮೊದಲು ಶಿಕ್ಷಕ-ವಿದ್ಯಾರ್ಥಿ ಪ್ರಮಾಣವನ್ನು ತೆಗೆದುಕೊಳ್ಳೋಣ. ಶಾಲೆಗಳನ್ನು ತುಲನೆ ಮಾಡುವವರಿಗೆಲ್ಲ ಅತ್ಯಂತ ಪ್ರಿಯವಾದ ಅಂಕಿ ಇದೇ. 2009ರ ಶಿಕ್ಷಣಹಕ್ಕಿನ ಕಾಯಿದೆಯ ಅನುಸೂಚಿಯಂತೆ ಕಿರಿಯ ಪ್ರಾಥಮಿಕ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 120ರವರೆಗೆ ನಾಲ್ವರು, ಅದರಾಚೆಗೆ 200ರವರೆಗೆ ಐವರು ಬೇಕು. ಈಗ ಎರಡು ಶಾಲೆಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ 24 ಮಕ್ಕಳು, ಇಬ್ಬರು ಶಿಕ್ಷಕರು: ಪ್ರಮಾಣ 12. ಇನ್ನೊಂದರಲ್ಲಿ 130 ಮಕ್ಕಳು. ಐವರು ಇರಬೇಕಾದಲ್ಲಿ ಒಂದು ಜಾಗ ಖಾಲಿ ಬಿದ್ದು ನಾಲ್ವರು: ಪ್ರಮಾಣ 32ಕ್ಕೂ ಮಿಕ್ಕಿತು. ತಖ್ತೆಯಲ್ಲಿ ಮೊದಲನೆಯದು ಶಿಖರವನ್ನೇರುತ್ತದೆ, ಎರಡನೆಯದು ತಳಕ್ಕಿಳಿಯುತ್ತದೆ. ಆದರೆ ಮೊದಲನೆಯ ಶಾಲೆಯಿಂದ ತಾಯಿತಂದೆಗಳು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿರಬಹುದು. ಎರಡನೆಯದರ ಬಾಗಿಲಲ್ಲಿ ಜೂನ್ ತಿಂಗಳಲ್ಲಿ ಸಾಲು ನಿಂತಿರಬಹುದು. ಸಾಯುತ್ತಿರುವ ಶಾಲೆಗೆ ಸಾಯುತ್ತಿರುವ ಕಾರಣದಿಂದಲೇ ಬಹುಮಾನ ಕೊಡುವ ಗಣಿತವಿದು. ಪರಪ್ರಾಂತದ ನಗರಗಳಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಕ್ಷೀಣಿಸುವುದನ್ನು ಕಂಡ ನಮಗೆ ಇದರ ವ್ಯಂಗ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಕ್ಕಲಕೋಟೆ, ಜತ್ತ ತಾಲೂಕುಗಳ ಜಿಲ್ಲಾ ಪರಿಷತ್ ಶಾಲೆಗಳಲ್ಲಿ ಕನ್ನಡ ಇನ್ನೂ ಕಲಿಕೆಯ ಭಾಷೆಯಾಗಿದೆ. ಅವರ ಪಠ್ಯಪುಸ್ತಕಗಳು ಸಿದ್ಧವಾಗುವುದು ಇದೇ ಪುಣೆಯ ಬಾಲಭಾರತಿಯಲ್ಲಿ.

ಎರಡನೆಯದು ದಿನಾಂಕದ ಪ್ರಶ್ನೆ. ನಮ್ಮ ವೃತ್ತಿಯವರಿಗೆ ಮಾರ್ಚ್ 31ರ ಮಹಿಮೆ ಚೆನ್ನಾಗಿ ಗೊತ್ತು. ಅಂದು ಸಾಯಂಕಾಲ ಉಬ್ಬಿದ ಠೇವಣಿ ಏಪ್ರಿಲ್ ಮೊದಲ ವಾರದಲ್ಲಿ ಇಳಿಯುವುದನ್ನು ಕಾಣದ ತಪಾಸಣಾಧಿಕಾರಿ ಇರಲಾರನು. ಶಾಲೆಗಳ ಲೆಕ್ಕಕ್ಕೂ ಅಂಥ ಒಂದು ದಿನವುಂಟು: ಸಪ್ಟಂಬರ 30. ಪಟದಲ್ಲಿರುವ ಹೆಸರುಗಳೆಲ್ಲ ಮಕ್ಕಳೇ ಎಂದು ನಂಬಲಾಗದೆಂಬುದನ್ನು ಮಹಾರಾಷ್ಟ್ರ ಸರಕಾರವೇ 2011ರ ಅಕ್ಟೋಬರದಲ್ಲಿ ಸಿದ್ಧಮಾಡಿ ತೋರಿಸಿತು. ಮೂರು ದಿನ ರಾಜ್ಯಾದ್ಯಂತ ನಡೆದ ‘ಪಟಪಡತಾಳಣಿ’ಯಲ್ಲಿ ಮಕ್ಕಳ ಬೆರಳಿಗೆ ಚುನಾವಣೆಯ ಶಾಯಿ ಹಚ್ಚಿ ಎಣಿಸಲಾಗಿ, ಲಕ್ಷಗಟ್ಟಲೆ ಹೆಸರುಗಳಿಗೆ ಬೆರಳುಗಳೇ ಇರಲಿಲ್ಲ! ಇತ್ತೀಚೆಗೆ, 2022-23ರಿಂದ, ಒಟ್ಟು ಸಂಖ್ಯೆಗೆ ಬದಲಾಗಿ ಒಂದೊಂದು ಮಗುವಿನ ವಿವರವನ್ನೂ ಪ್ರತ್ಯೇಕವಾಗಿ ದಾಖಲಿಸುತ್ತಾರೆ. ದೇಶದ ವಿದ್ಯಾರ್ಥಿಗಳ ಸಂಖ್ಯೆ 2021-22ರಲ್ಲಿ ಸುಮಾರು 26.5 ಕೋಟಿ ಇದ್ದುದು 2023-24ಕ್ಕೆ 24.8 ಕೋಟಿಗೆ ಇಳಿಯಿತು. ಈ ಇಳಿತದಲ್ಲಿ ಶಾಲೆ ಬಿಟ್ಟವರೆಷ್ಟು, ಎಂದೂ ಇರದಿದ್ದವರೆಷ್ಟು, ಎಣಿಕೆಯ ರೀತಿಯಿಂದಾದುದೆಷ್ಟು ಎಂದು ಬಿಡಿಸಿ ಹೇಳಬಲ್ಲವರು ವಿರಳ.

ಉಬ್ಬಿದ ಪಟ ಒಂದು ದೋಷವಾದರೆ ಅದಕ್ಕೆ ವಿರುದ್ಧವಾದ ಇನ್ನೊಂದುಂಟು. ನಮಗೆ ಸಂಬಂಧಿಸಿದ್ದು ಇದೇ. ನನ್ನ ತಖ್ತೆಯಲ್ಲಿ ಕಟ್ಟಕಡೆಗೆ ನಿಂತ ಶಾಲೆಗೆ ಡಿಸೆಂಬರದ ಒಂದು ಬೆಳಿಗ್ಗೆ ಹೋದೆ. ಕಾಗದದಲ್ಲಿದ್ದುದಕ್ಕಿಂತ ಹೆಚ್ಚು ಮಕ್ಕಳು ತರಗತಿಯಲ್ಲಿದ್ದರು. ಮೂಲೆಯಲ್ಲಿ ಕೂತ ನಾಲ್ಕಾರು ಮಕ್ಕಳು ತಮ್ಮತಮ್ಮೊಳಗೆ ಆಡುತ್ತಿದ್ದುದು ಕನ್ನಡ, ಅದೂ ವಿಜಾಪುರದ ಕಡೆಯ ಕನ್ನಡ. ಶಾಲೆ ಬಿಡುವ ಹೊತ್ತಿಗೆ ಕರೆದೊಯ್ಯಲು ಬಂದ ತಾಯಿಯೊಬ್ಬಳನ್ನು ಮಾತಾಡಿಸಿದೆ. “ನಾವು ದಸರಾ ಮುಗಿಸ್ಕೊಂಡು ಬರ್ತೀವ್ರಿ ಸಾಹೇಬ್ರ. ಮಳಿ ಹಿಡದ್ರ ಮತ್ತ ಊರಿಗಿ. ಈ ಬಾಯಾರು ಒಳ್ಳೇರದಾರ, ಹೆಸರು ಇರಲಿ ಬಿಡಲಿ ಕುಂದರಸ್ಕೋತಾರ” ಎಂದಳು. ಕೊಂಢವೆ, ಹಡಪಸರದ ಕಡೆ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆ ವಿಜಾಪುರ, ಕಲಬುರ್ಗಿ, ಯಾದಗಿರಿಗಳಿಂದ ಬರುವ ಕುಟುಂಬಗಳಲ್ಲಿ ಅನೇಕರ ಪಂಚಾಂಗ ಇದೇ. ಸಪ್ಟಂಬರ 30ರಂದು ಈ ಮಕ್ಕಳು ಊರ ಶಾಲೆಯ ಪಟದಲ್ಲಿರುತ್ತಾರೆ. ಇಲ್ಲಿಯ ಶಿಕ್ಷಕಿ ಅವರಿಗೆ ಪಾಠ ಹೇಳಿದುದಕ್ಕೆ ಲೆಕ್ಕವಿಲ್ಲ. ಅಲ್ಲಿಯ ಶಿಕ್ಷಕರು ಹೇಳದಿದ್ದುದಕ್ಕೂ ಲೆಕ್ಕವಿಲ್ಲ. ದಾಖಲಾದ ಒಬ್ಬಿಬ್ಬರು ಜೂನಿನಲ್ಲಿ ಮರಳಿ ಬಾರದಿದ್ದರೆ ಮಾತ್ರ ‘ಶಾಲೆ ಬಿಟ್ಟವರು’ ಎಂಬ ಕಲಮಿನಲ್ಲಿ ಈ ಶಾಲೆಯ ಹೆಸರಿಗೇ ಕಳಂಕ ಅಂಟುತ್ತದೆ. ಹೆಸರಿಲ್ಲದ ಮಕ್ಕಳನ್ನು ಹೊರಗಟ್ಟಿದ ಶಾಲೆಗೆ ತಖ್ತೆಯಲ್ಲಿ ಮೇಲಿನ ಸ್ಥಾನ, ಒಳಗೆ ಕೂರಿಸಿಕೊಂಡದ್ದಕ್ಕೆ ಕೆಳಗಿನ ಸ್ಥಾನ. ಇದನ್ನು ಕಂಡಮೇಲೆ ನನ್ನ ಎರಡು ರವಿವಾರಗಳ ಶ್ರಮಕ್ಕಾಗಿ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಕಲಿಕೆಯ ಮಾತು. ಯು-ಡೈಸ್ ಪುಟಗಳಲ್ಲಿ ಗೋಡೆ, ಗಣಕಯಂತ್ರ, ಗ್ರಂಥಾಲಯಗಳುಂಟು. ಮಗು ಓದಬಲ್ಲುದೇ ಎಂಬುದಿಲ್ಲ. 2005ರಿಂದ ಮನೆಮನೆಗೆ ಹೋಗಿ ಓದಿಸಿ ನೋಡುವ ‘ಅಸರ್’ ಸಮೀಕ್ಷೆ ಗ್ರಾಮಗಳಿಗೆ ಮೀಸಲು. 2017 ಮತ್ತು 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳು ಕೆಲವು ಶಾಲೆಗಳನ್ನು ಆರಿಸಿ ಜಿಲ್ಲೆಯ ಚಿತ್ರವನ್ನು ಕೊಟ್ಟವೇ ಹೊರತು ನಿಮ್ಮ ಓಣಿಯ ಶಾಲೆಯದನ್ನಲ್ಲ. ಹತ್ತನೆಯ ತರಗತಿಯ ಫಲಿತಾಂಶವನ್ನು ಹಿಡಿಯೋಣವೆಂದರೆ ನಗರಪಾಲಿಕೆಯ ಬಹುತೇಕ ಶಾಲೆಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹೋದರೂ, ಪರೀಕ್ಷೆಗೆ ಕೂತವರು ಹನ್ನೆರಡೇ ಮಂದಿಯಾದರೆ ಒಬ್ಬ ಹುಡುಗನ ಜ್ವರ ಶಾಲೆಯ ಫಲಿತಾಂಶವನ್ನು ಶೇಕಡಾ ಎಂಟರಷ್ಟು ಕೆಳಗಿಳಿಸುತ್ತದೆ. ಸಣ್ಣ ಶಾಲೆಗಳು ಒಂದು ವರ್ಷ ತುದಿಯಲ್ಲೂ ಮರುವರ್ಷ ಬುಡದಲ್ಲೂ ಕಾಣಿಸಿಕೊಳ್ಳುವುದರ ಗುಟ್ಟು ಇಷ್ಟೇ.

ಫಲಿತಾಂಶದಿಂದ ಶಾಲೆಯನ್ನು ಅಳೆಯುವ ಹಂಬಲ ಹೊಸದಲ್ಲ. ಇಂಗ್ಲಂಡದಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ, ಮಕ್ಕಳ ಹಾಜರಿ ಮತ್ತು ಓದು-ಬರಹ-ಲೆಕ್ಕಗಳ ಪರೀಕ್ಷೆಯನ್ನು ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿಯನ್ನು ತಂದನು. ಶಾಲಾ ತನಿಖೆದಾರನೂ ಕವಿಯೂ ಆಗಿದ್ದ ಮ್ಯಾಥ್ಯೂ ಅರ್ನಾಲ್ಡನು ಇದು ಬೋಧನೆಯನ್ನು ಯಾಂತ್ರಿಕವಾಗಿಸಿತೆಂದು ವರ್ಷವರ್ಷವೂ ದೂರಿದನು. ಶತಮಾನ ಮುಗಿಯುವುದರೊಳಗೆ ಆ ಪದ್ಧತಿ ಅಲ್ಲಿ ಕೈಬಿಟ್ಟು ಹೋಯಿತು. ಮುಂಬಯಿ ಇಲಾಖೆಗೂ ಇದು ಕಾಲಿಟ್ಟಿದ್ದಾಗ, 1882ರ ಹಂಟರ್ ಆಯೋಗದ ಮುಂದೆ ಇದೇ ಪುಣೆಯ ಜ್ಯೋತಿರಾವ್ ಫುಲೆಯವರು ಸಲ್ಲಿಸಿದ ನಿವೇದನೆಯಲ್ಲಿ, ವಿದ್ಯೆಯ ರುಚಿ ಇನ್ನೂ ಹತ್ತದ ಬಡಜನರ ನಡುವೆ ಈ ಕ್ರಮ ಸಲ್ಲದೆಂದು ಸ್ಪಷ್ಟವಾಗಿ ತಿಳಿಸಿದರು. 1848ರಲ್ಲಿ ಬುಧವಾರ ಪೇಟೆಯಲ್ಲಿ ಹುಡುಗಿಯರ ಶಾಲೆ ತೆರೆದಿದ್ದವರ ಅನುಭವದ ಮಾತದು. ಇನ್ನೊಬ್ಬ ಪುಣೆಯವರಾದ ಗೋಖಲೆಯವರು ಅಂಕಿಯನ್ನು ಬೇರೆ ರೀತಿಯಲ್ಲಿ ಬಳಸಬಯಸಿದರು. ಮಕ್ಕಳಲ್ಲಿ ಒಂದು ನಿಶ್ಚಿತ ಪಾಲು ಆಗಲೇ ಶಾಲೆಯಲ್ಲಿರುವ ಪ್ರದೇಶದಲ್ಲಿ ಮಾತ್ರ ಕಡ್ಡಾಯ ಶಿಕ್ಷಣವನ್ನು ಜಾರಿಗೊಳಿಸಲು ಅವಕಾಶವಿರಬೇಕೆಂದು ಅವರ 1911ರ ಮಸೂದೆ ಸೂಚಿಸಿತ್ತು. ಮರುವರ್ಷ ಅದು ಸೋತಿತು. ಅಲ್ಲಿ ಅಂಕಿಯ ಕೆಲಸ ಸರಕಾರಕ್ಕೆ ಹೊಣೆಯನ್ನು ಹೊರಿಸುವುದು. ನಮ್ಮ ತಖ್ತೆಗಳಲ್ಲಿ ಅದು ಹೊಣೆಯನ್ನು ಶಾಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತದೆ.

ಹಾಗಾದರೆ ತುಲನೆಯೇ ಬೇಡವೆ? ನಾನು ಅಷ್ಟು ದೂರ ಹೋಗಲಾರೆ. ಲೆಕ್ಕವಿಲ್ಲದಿದ್ದರೆ ಖಾಲಿ ಬಿದ್ದ ಶಿಕ್ಷಕರ ಜಾಗ ಯಾರ ಕಣ್ಣಿಗೂ ಬೀಳದು. ಅಮೇರಿಕೆಯಲ್ಲಿ 1966ರಲ್ಲಿ ಜೇಮ್ಸ್ ಕೋಲ್‌ಮನ್ ಆರು ಲಕ್ಷ ಮಕ್ಕಳನ್ನು ಕುರಿತು ಬರೆದ ವರದಿ, ಶಾಲೆ ಶಾಲೆಗಳ ಅಂತರದಲ್ಲಿ ಬಹುಪಾಲು ಮನೆಯಿಂದಲೇ ಬಂದುದೆಂದು ತೋರಿಸಿತು. ಆದುದರಿಂದ ಸಮಾನ ಸ್ಥಿತಿಯ ಮಕ್ಕಳಿರುವ ಶಾಲೆಗಳನ್ನೇ ಪರಸ್ಪರ ಹೋಲಿಸಬೇಕು. ಅದಕ್ಕಿಂತ ಮೇಲಾಗಿ, ಒಂದು ಶಾಲೆಯನ್ನು ಅದರ ಹೋದ ವರ್ಷದೊಡನೆ, ಒಂದು ಮಗುವನ್ನು ಅದರ ಹೋದ ವರ್ಷದೊಡನೆ ಹೋಲಿಸಬೇಕು. ಬ್ಯಾಂಕಿನಲ್ಲಿಯೂ ಮಹಾತ್ಮಾ ಗಾಂಧಿ ರಸ್ತೆಯ ಶಾಖೆಯ ಠೇವಣಿಯನ್ನು ಹಳ್ಳಿಯ ಶಾಖೆಯದಕ್ಕೆ ಹೋಲಿಸಿ ಹಳ್ಳಿಯ ಮ್ಯಾನೇಜರನನ್ನು ಬೈಯುವವನನ್ನು ನಾವು ಅಧಿಕಾರಿಯೆಂದು ಮನ್ನಿಸುವುದಿಲ್ಲ.

ಮಗುವಾರು ದಾಖಲೆಯಲ್ಲಿ ಈಗ ಮಾತೃಭಾಷೆಗೂ ಒಂದು ಕಲಮುಂಟು. ನಾನು ನೋಡಿದ ಆ ಶಾಲೆಯಲ್ಲಿ ದಾಖಲಾಗಿದ್ದ ಕನ್ನಡದ ಮಕ್ಕಳ ಮುಂದೆ ‘ಹಿಂದಿ’ ಎಂದು ಬರೆದಿತ್ತು. ಕೇಳಲು ಭಾಷೆ ಬಾರದ್ದರಿಂದ ಹಾಗೆ ತುಂಬಿದೆವೆಂದು ಮುಖ್ಯಾಧ್ಯಾಪಿಕೆ ಸಂಕೋಚದಿಂದ ಒಪ್ಪಿದರು. ನಮ್ಮ ಮಿತ್ರರು ಗುಣಾನುಕ್ರಮದ ತಖ್ತೆಯನ್ನು ಬದಿಗಿಟ್ಟು, ಪುಸ್ತಕಗಳ ಮೊದಲ ಕಟ್ಟನ್ನು ಆ ಶಾಲೆಗೇ ಕಳಿಸಿದ್ದಾರೆ. ದಸರೆಯ ಅನಂತರದ ವಾರದಲ್ಲಿ ಅಲ್ಲಿ ಕೂತು, ಹೊಸದಾಗಿ ಬಂದ ಮಕ್ಕಳ ಹೆಸರು, ಊರು, ಮನೆಮಾತುಗಳನ್ನು ಕೇಳಿ ಬರೆದುಕೊಡಲು ಇಬ್ಬರು ಒಪ್ಪಿಕೊಂಡಿದ್ದಾರೆ. ಇನ್ನೂ ಇಬ್ಬರು ಬೇಕಾಗಿದ್ದಾರೆ.