ಗೇಟು ಮುಚ್ಚೋದು ಗೊತ್ತಾ?

ದೋಣಿ ಓಡಿದರೆ ಹಿಂದೆ ಅಲೆ ಏಳುತ್ತೆ. ಆ ಅಲೆಯ ಮೇಲೆ ಹಲಗೆ ಹಾಕಿ ನಿಂತು, ಹಿಡಿದ ಹಗ್ಗವನ್ನೂ ಬಿಟ್ಟು, ದೋಣಿಯ ಬೆನ್ನಿಗೇ ಜಾರಿಕೊಂಡು ಹೋಗುವ ಆಟಕ್ಕೆ ವೇಕ್‌ಸರ್ಫಿಂಗ್ ಅಂತಾರೆ. ಅಮೆರಿಕದಲ್ಲಿ ಸಮುದ್ರವೇ ಕಾಣದ ಒಳನಾಡಿನ ಸರೋವರಗಳಲ್ಲಿ ಇದು ಜೋರಾಗಿ ನಡೆಯುತ್ತೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವನಿಗೆ ಇದರಲ್ಲೇನು ಕೆಲಸ ಅಂತ ನೀವು ಕೇಳಬಹುದು. ನನಗೆ ಕೆಲಸ ಇರೋದು ಆಟದಲ್ಲಲ್ಲ, ಆ ಆಟಕ್ಕೆ ಅಂತ ಜನ ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳುವ ಒಂದು ಗೇಟಿನಲ್ಲಿ. ನೀರಿನ ಗೇಟಿನ ಬಗ್ಗೆ ಒಂದು ಮಾತು ಹೇಳೋ ಹಕ್ಕು ನಮ್ಮ ಸೀಮೆಯವರಿಗೆ ಇದೆ ಕಣ್ರಿ. ಕಡೂರು ತಾಲ್ಲೂಕಿನ ಮದಗದಕೆರೆಯ ಹೆಸರಲ್ಲೇ ಗೇಟಿದೆ. ಮದಗ ಅಂದರೆ ಕೆರೆಯಿಂದ ನೀರು ಬಿಡುವ ಬಾಗಿಲು.

ಮೊದಲು ದೋಣಿಯ ಗೇಟು ಏನು ಮಾಡುತ್ತೆ ಅಂತ ನೋಡೋಣ. ದೋಣಿ ಮುಂದೆ ಹೋಗುವಾಗ ನೀರನ್ನ ಎರಡೂ ಪಕ್ಕಕ್ಕೆ ತಳ್ಳುತ್ತೆ. ದೋಣಿ ದಾಟಿದ ಮೇಲೆ ಹಿಂದೆ ಒಂದು ಹಳ್ಳ ಉಳಿಯುತ್ತೆ. ಆ ಹಳ್ಳ ತುಂಬೋಕೆ ಎರಡೂ ಕಡೆಯ ನೀರು ನುಗ್ಗಿ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತೆ, ನೊರೆಯಾಗುತ್ತೆ. ನೊರೆಯ ಮೇಲೆ ಹಲಗೆ ನಿಲ್ಲಲ್ಲ. ಒಂದು ಕಡೆಯ ನೀರು ಸ್ವಲ್ಪ ತಡವಾಗಿ ಬಂದರೆ ಇನ್ನೊಂದು ಕಡೆಯ ಅಲೆ ಒಡೆಯದೆ, ನುಣ್ಣಗೆ, ಉದ್ದಕ್ಕೆ ನಿಲ್ಲುತ್ತೆ. ಮೊದಲೆಲ್ಲ ಇದಕ್ಕೆ ದೋಣಿಯ ಒಂದೇ ಪಕ್ಕಕ್ಕೆ ನೀರಿನ ಚೀಲಗಳನ್ನ ಹೇರಿ, ದೋಣಿಯನ್ನ ವಾಲಿಸಿ ಓಡಿಸ್ತಿದ್ದರು. 2012ರಲ್ಲಿ ಮಾಲಿಬು ಅನ್ನೋ ದೋಣಿ ಕಂಪನಿ ‘ಸರ್ಫ್ ಗೇಟ್’ ತಂತು. ದೋಣಿಯ ಹಿಂಬದಿಯ ಎರಡು ಮೂಲೆಗೆ ಎರಡು ಸಣ್ಣ ಬಾಗಿಲು. ಬಲಗಡೆಯದನ್ನ ಹೊರಕ್ಕೆ ಚಾಚಿದರೆ ಬಲಗಡೆಯ ನೀರು ದೂರ ಸರಿದು ತಡವಾಗಿ ಬರುತ್ತೆ, ಎಡಗಡೆ ಒಳ್ಳೇ ಅಲೆ ನಿಲ್ಲುತ್ತೆ. ಎಡಕ್ಕೆ ಅಲೆ ಬೇಕಾದರೆ ಬಲಕ್ಕೆ ತಡೆ. ಕೇಳೋಕೆ ಉಲ್ಟಾ ಅನ್ನಿಸಿದರೂ, ಕಾಲುವೆಗೆ ಒಂದು ಮಣ್ಣಿನ ಹೆಂಟೆ ಅಡ್ಡ ಇಟ್ಟು ತೋಟಕ್ಕೆ ನೀರು ತಿರುಗಿಸಿದ ಯಾರಿಗೂ ಇದು ಹೊಸದಲ್ಲ.

ಕಂಪನಿ ಇದಕ್ಕೆ ಪೇಟೆಂಟ್ ಮಾಡಿಸಿಕೊಂಡಿತು. 2013ರಲ್ಲಿ ನಾಟೀಕ್, 2015ರಲ್ಲಿ ಮಾಸ್ಟರ್‌ಕ್ರಾಫ್ಟ್ ಕಂಪನಿಯ ಮೇಲೆ ಕೇಸು ಹಾಕಿತು. ಎರಡೂ ಕೊನೆಗೆ ರಾಜಿಯಲ್ಲಿ ಮುಗಿದವು. ಈ ಜಾತಿಯ ಹೊಸ ದೋಣಿಗಳ ಬೆಲೆ ಲಕ್ಷ ಡಾಲರ್ ದಾಟುತ್ತೆ. ಹಾಗಾಗಿ ಹಳೇ ದೋಣಿ ಇಟ್ಟುಕೊಂಡವರು ತಾವೇ ಗೇಟು ಕಟ್ಟಿಕೊಳ್ಳೋಕೆ ಶುರು ಮಾಡಿದರು. ತರಕಾರಿ ಹೆಚ್ಚೋ ಮಣೆಗೆ ಬಳಸುವ ದಪ್ಪ ಬಿಳಿ ಪ್ಲಾಸ್ಟಿಕ್, ಇಲ್ಲಾಂದ್ರೆ ಮೆರೈನ್ ಪ್ಲೈವುಡ್, ಇಲ್ಲಾಂದ್ರೆ ಅಲ್ಯೂಮಿನಿಯಂ ತಗಡು. ಗಾಜು ಎತ್ತೋರು ಬಳಸುವ ರಬ್ಬರ್ ಬಟ್ಟಲುಗಳಿಂದ ಅದನ್ನ ದೋಣಿಯ ಪಕ್ಕಕ್ಕೆ ಅಂಟಿಸೋದು, ಕಳಚಿದರೆ ಮುಳುಗದಿರಲಿ ಅಂತ ಒಂದು ತುಂಡು ಫೋಮು, ಕಳೆದುಹೋಗದಿರಲಿ ಅಂತ ಒಂದು ಹಗ್ಗ. ಇನ್ನೂ ಕೈಚಳಕ ಇರೋರು ಕೀಲು ಹಾಕಿ, ಸಣ್ಣ ಮೋಟಾರು ಜೋಡಿಸಿ, ಸ್ಟೇರಿಂಗ್ ಪಕ್ಕದ ಒಂದು ಸ್ವಿಚ್ಚಿನಿಂದ ಆಡಿಸುತ್ತಾರೆ.

ಈ ಕೆಲಸದಲ್ಲಿ ಮೆಚ್ಚೋದು ಬಹಳ ಇದೆ, ಅದನ್ನ ಹೇಳದೆ ತಪ್ಪು ಹುಡುಕೋದು ಸರಿಯಲ್ಲ. ಬೀಗ ಹಾಕಿ ಮಾರುವ ಒಂದು ತಂತ್ರದ ಒಳಗುಟ್ಟು ಬರೀ ‘ಒಂದು ಕಡೆ ನೀರನ್ನ ತಡ ಮಾಡು’ ಅನ್ನೋದು ಅಂತ ಇವರು ಕಂಡುಕೊಂಡರು. ನಾಲ್ಕು ಸಲ ಕೆರೆಗಿಳಿದು, ಕೋನ ಬದಲಿಸಿ, ತಗಡು ಕತ್ತರಿಸಿ, ಮತ್ತೆ ಇಳಿದು ನೋಡಿದರು. ಪಂಪ್‌ಸೆಟ್ಟಿನ ಫುಟ್‌ವಾಲ್ವ್‌ಗೆ ಹಳೇ ಟ್ಯೂಬ್ ಕತ್ತರಿಸಿ ವಾಷರ್ ಮಾಡಿಕೊಳ್ಳೋ ನಮ್ಮೂರಿನ ಬುದ್ಧಿಯೇ ಇದು. ಬಿಇ ಮಾಡಿದ ನಾಲ್ಕು ವರ್ಷದಲ್ಲಿ ನಮ್ಮ ಕೈಯಿಂದ ಇಂಥ ಒಂದು ವಸ್ತುವನ್ನೂ ಯಾರೂ ಮಾಡಿಸಲಿಲ್ಲ.

ಆದರೆ ಈ ಗೇಟುಗಳನ್ನ ಕಟ್ಟಿದವರು ಅವನ್ನ ಅಳೆಯೋ ರೀತಿ ಸರಿಯಿಲ್ಲ. ನನ್ನ ತಕರಾರು ಮೂರು.

ಒಂದು, ಪರೀಕ್ಷೆ. ಗೇಟು ಹಾಕಿದ ದಿನವೇ ನೀರಿನ ಚೀಲವನ್ನೂ ಹೆಚ್ಚಿಸುತ್ತಾರೆ, ಜನರನ್ನ ಆ ಪಕ್ಕದಿಂದ ಈ ಪಕ್ಕಕ್ಕೆ ಕೂರಿಸುತ್ತಾರೆ, ವೇಗವನ್ನೂ ತಿದ್ದುತ್ತಾರೆ. ಅಲೆ ಚೆನ್ನಾಗಿ ಬಂತು, ಶಹಬ್ಬಾಸ್ ಗೇಟಿಗೆ! ಸಾಫ್ಟ್‌ವೇರಿನಲ್ಲಿ ಒಂದೇ ಸಲ ನಾಲ್ಕು ಬದಲಾವಣೆ ಮಾಡಿ ‘ಈಗ ಬೇಗ ಓಡ್ತಿದೆ’ ಅಂದರೆ, ‘ಯಾವುದರಿಂದ?’ ಅಂತ ಪಕ್ಕದವನು ಕೇಳೇ ಕೇಳ್ತಾನೆ. ಇಲ್ಲಿ ಕೇಳೋರು ಕಮ್ಮಿ. ನಿಜ ಹೇಳಬೇಕಂದರೆ ಗೇಟು ಅಲೆಯನ್ನ ಹುಟ್ಟಿಸಲ್ಲ. ಅಲೆಯ ಶಕ್ತಿ ಬರೋದು ದೋಣಿಯ ತೂಕದಿಂದ ಮತ್ತು ವೇಗದಿಂದ. ಸಾವಿರ ಕಿಲೋ ದಾಟುವಷ್ಟು ನೀರನ್ನ ಹೊಟ್ಟೆಗೆ ತುಂಬಿಕೊಂಡು, ಗಂಟೆಗೆ 16ರಿಂದ 19 ಕಿಲೋಮೀಟರಿನಲ್ಲಿ, ಪೂರ್ತಿ ತೇಲದೆ ಪೂರ್ತಿ ಮುಳುಗದೆ ನೀರನ್ನ ಉಳುತ್ತಾ ಹೋಗುವ ದೋಣಿಯಿಂದ ಅದು ಬರುತ್ತೆ. ಗೇಟು ಅದಕ್ಕೊಂದು ಆಕಾರ ಕೊಡುತ್ತೆ, ಅಷ್ಟೆ.

ಎರಡು, ಕೆಟ್ಟಾಗ ಏನಾಗುತ್ತೆ ಅನ್ನೋದು. ರಬ್ಬರ್ ಬಟ್ಟಲು ಯಾವತ್ತಾದರೂ ಕಳಚುತ್ತೆ. ಕಟ್ಟಿದ ಹಗ್ಗ ಉದ್ದ ಇದ್ದರೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳಬಹುದು, ಇಲ್ಲಾಂದ್ರೆ ಹಲಗೆ ಹಿಂದಿರುವವನ ಕಡೆಗೆ ತೂರಿ ಬರಬಹುದು. ನೀರಿನ ಮಟ್ಟದ ಕೆಳಗೆ ದೋಣಿಗೆ ತೂತು ಕೊರೆದವರು ಆ ತೂತನ್ನ ಜೀವನಪೂರ್ತಿ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ಈ ಆಟಕ್ಕೆ ಪ್ರೊಪೆಲ್ಲರ್ ದೋಣಿಯ ಹೊಟ್ಟೆಯ ಕೆಳಗೆ ಇರಬೇಕು. ಹಿಂದೆ ನೇತುಹಾಕಿದ ಮೋಟಾರಿನ ದೋಣಿಗೆ ಎಂಥ ಚಂದದ ಗೇಟು ಕಟ್ಟಿದರೂ, ಸವಾರ ಬಿದ್ದರೆ ಬೀಳೋದು ತಿರುಗುವ ರೆಕ್ಕೆಗಳ ಹತ್ತಿರ. ಗೇಟು ಅಗ್ಗವಾದಷ್ಟೂ ತಪ್ಪು ದೋಣಿಗೆ ಅದನ್ನ ಕಟ್ಟೋ ಆಸೆ ಜಾಸ್ತಿ.

ಮೂರನೆಯದೇ ನನಗೆ ದೊಡ್ಡದು. ಇವರು ಗೇಟನ್ನ ಅಳೆಯೋದು ಅದು ತೆರೆದಾಗ ಏನಾಗುತ್ತೆ ಅನ್ನೋದರಿಂದ. ನಮ್ಮ ಕಡೆ ಕೆರೆಯ ತೂಬನ್ನ ಅಳೆಯೋದು ಅದು ಮುಚ್ಚಿದಾಗ ಏನಾಗುತ್ತೆ ಅನ್ನೋದರಿಂದ. ತೂಬು ಎತ್ತೋಕೆ ಯಾರಾದರೂ ಸಾಕು. ಯಾವಾಗ ಮುಚ್ಚಬೇಕು, ಎಷ್ಟು ಬಿಗಿ ಮುಚ್ಚಬೇಕು ಅಂತ ಗೊತ್ತಿರೋನು ನೀರುಗಂಟಿ. ಬಿರಡೆ ಸರಿ ಕೂರದ ತೂಬು ಬೆಳಗಾಗೋದರೊಳಗೆ ಮುಂದಿನ ಬೆಳೆಯ ನೀರನ್ನೇ ಕಳೆಯುತ್ತೆ. ಇನ್ನೂ ಒಂದು ವಿಷಯ ನಮ್ಮ ಕೆರೆ ಕಟ್ಟಿದವರಿಗೆ ಗೊತ್ತಿತ್ತು. ಅಲೆ ಮಣ್ಣು ತಿನ್ನುತ್ತೆ. ಅದಕ್ಕೇ ಏರಿಯ ಒಳಮೈಗೆ ಕಲ್ಲು ಹೊದಿಸಿದರು. ಅಯ್ಯನಕೆರೆ ಏರಿಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳೋರು ಒಮ್ಮೆ ಒಳಗಡೆ ಬಗ್ಗಿ ನೋಡಲಿ. ಆ ಕಲ್ಲುಗಳು ಚಂದಕ್ಕೆ ಇಟ್ಟವಲ್ಲ.

ಅಮೆರಿಕದವರು ಇದನ್ನ ಈಗ ಅಳೆದು ನೋಡುತ್ತಿದ್ದಾರೆ. ಮಿನೆಸೊಟ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯ 2022ರಲ್ಲಿ ಒಂದು ವರದಿ ಕೊಟ್ಟಿತು. ಸಾಮಾನ್ಯ ಮೋಟಾರು ದೋಣಿ ದಡದಿಂದ 200 ಅಡಿಯಲ್ಲಿ ಓಡಿದಾಗ ದಡಕ್ಕೆ ಬರುವಷ್ಟೇ ಅಲೆ ಬರಬೇಕಾದರೆ, ಸರ್ಫ್ ದೋಣಿ 500 ಅಡಿಗಿಂತ ಆಚೆ ಇರಬೇಕು ಅಂತ ಅದರ ಲೆಕ್ಕ. 2024ರಲ್ಲಿ ವರ್ಮಾಂಟ್ ರಾಜ್ಯ ನಿಯಮ ಮಾಡಿತು: ದಡದಿಂದ ಕನಿಷ್ಠ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಅಂಥ ಜಾಗ ಒಟ್ಟಿಗೆ ಕನಿಷ್ಠ 50 ಎಕರೆ. ಆಳ ಯಾಕೆ ಅಂದರೆ, ಮೂಗೆತ್ತಿ ಓಡುವ ದೋಣಿಯ ಪ್ರೊಪೆಲ್ಲರ್ ನೀರನ್ನ ಕೆಳಮುಖವಾಗಿ ತಳ್ಳಿ ತಳದ ಹೂಳನ್ನ ಕಲಕುತ್ತೆ.

ಈಗ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ ಬನ್ನಿ. ಭದ್ರಾ ಹಿನ್ನೀರಿನಲ್ಲಿ ಇವತ್ತು ಪ್ರವಾಸಿಗರನ್ನ ಸುತ್ತಾಡಿಸುವ ದೋಣಿಗಳಿವೆ. ಜಲಕ್ರೀಡೆ ಅನ್ನೋ ಪದ ಹಿನ್ನೀರು ಇರುವ ಕಡೆಯೆಲ್ಲ ಹಿಂದೆ ಹಿಂದೆಯೇ ಬರುತ್ತೆ. ನಾಳೆ ಯಾರೋ ಒಬ್ಬರು ಹಳೇ ದೋಣಿಗೆ ಮನೆಯಲ್ಲೇ ಕಟ್ಟಿದ ಗೇಟು ಹಾಕಿ ಇಳಿಸಿದರು ಅಂತಿಟ್ಟುಕೊಳ್ಳಿ. ‘500 ಅಡಿ ದೂರ ಓಡಿಸ್ತೀವಿ ಬಿಡಿ’ ಅಂತಾರೆ. ಯಾವ ದಡದಿಂದ 500 ಅಡಿ? ಮಿನೆಸೊಟದ ಸರೋವರಕ್ಕೆ ದಡ ಅನ್ನೋದು ಹೆಚ್ಚುಕಮ್ಮಿ ಒಂದೇ ಕಡೆ ಇರುತ್ತೆ. ಭದ್ರಾ ಜಲಾಶಯದ್ದು ಹಾಗಲ್ಲ. 186 ಅಡಿ ತುಂಬಿದಾಗಿನ ದಡವೇ ಬೇರೆ, ಕಾಲುವೆಗಳಿಗೆ ಬಿಟ್ಟು ಬಿಟ್ಟು ಬೇಸಿಗೆಯಲ್ಲಿ ಇಳಿದಾಗಿನ ದಡವೇ ಬೇರೆ. ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆ ನೀರು ಒಯ್ಯುವ ಭದ್ರಾ ಮೇಲ್ದಂಡೆಯ ಲೆಕ್ಕವೂ ಇದೇ ನೀರಿನ ಮೇಲಿದೆ. ಇಲ್ಲಿ ದಡ ವರ್ಷವಿಡೀ ನಡೆಯುತ್ತಾ ಇರುತ್ತೆ. ಒಂದೇ ಸಲ ನಕ್ಷೆಯ ಮೇಲೆ ಎಳೆದ ಗೆರೆ ಇಲ್ಲಿ ಕೆಲಸಕ್ಕೆ ಬರಲ್ಲ.

ನೀರು ಇಳಿದ ಮೇಲೆ ಅಲ್ಲಿ ಬೋಳು ನಡುಗಡ್ಡೆಗಳು ಮೇಲೇಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಆ ನಡುಗಡ್ಡೆಗಳ ಮೇಲೆ ಗುಂಪಾಗಿ ಬಂದು ಮೊಟ್ಟೆ ಇಡುತ್ತವೆ. ಕಡ್ಡಿ ಇಲ್ಲ, ಹುಲ್ಲಿಲ್ಲ, ಬರೀ ನೆಲದ ಮೇಲೆ. ಲಕ್ಕವಳ್ಳಿಯ ಜಂಗಲ್ ಲಾಡ್ಜಸ್ ರೆಸಾರ್ಟಿಗೆ ಆ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಶಾಲೆಗೆ ರಜೆ, ಪ್ರವಾಸಿಗರು ಬರೋ ಕಾಲ, ನೀರು ಕಮ್ಮಿಯಾಗೋ ಕಾಲ, ಮರಿ ಮಾಡೋ ಕಾಲ, ನಾಲ್ಕೂ ಒಂದೇ. ನೀರಿನ ಅಂಚಿನ ಹತ್ತಿರ ಇಟ್ಟ ಮೊಟ್ಟೆಗೆ ಒಂದು ದೊಡ್ಡ ಅಲೆ ಸಾಕು. ತೆಪ್ಪದಲ್ಲಿ ಕೂತು ಬಲೆ ಬಿಡುವವನಿಗೂ ಅಷ್ಟೇ.

‘ಅಷ್ಟು ದೊಡ್ಡ ನೀರಿನಲ್ಲಿ ಗಾಳಿಗೇ ಇದಕ್ಕಿಂತ ದೊಡ್ಡ ಅಲೆ ಏಳಲ್ವಾ?’ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಏಳುತ್ತೆ. ಆದರೆ ಆಷಾಢದ ಗಾಳಿ ಜೋರಾಗೋದು ಮಳೆಗಾಲದಲ್ಲಿ, ಅದರ ದಾರಿಯೂ ಗೊತ್ತಿರುತ್ತೆ. ಮೀನು ಹಿಡಿಯೋರು ಅವತ್ತು ತೆಪ್ಪ ಇಳಿಸಲ್ಲ. ದೋಣಿಯ ಅಲೆ ಹಾಗಲ್ಲ, ಗಾಳಿಯೇ ಇಲ್ಲದ ನಿಶ್ಚಿಂತ ಬೆಳಗಿನಲ್ಲೇ ಬರುತ್ತೆ. ಸರ್ಫ್ ಮಾಡೋರಿಗೆ ಬೇಕಾದ್ದೂ ಅಂಥ ಬೆಳಗೇ.

‘ಕಂಪನಿ ದೋಣಿಯೂ ಇದನ್ನೇ ಮಾಡುತ್ತಲ್ಲ, ಮನೇಲಿ ಕಟ್ಟೋನಿಗೆ ಯಾಕೆ ಪಾಠ?’ ಅಂತಲೂ ಕೇಳಬಹುದು. ಕಂಪನಿಯಿಂದ ಕೊಂಡವನ ಕೈಯಲ್ಲಿರೋದು ಒಂದು ಬಟನ್ನು. ಕಟ್ಟಿದವನಿಗೆ ಮಾತ್ರ ಪ್ರತಿ ಮೊಳೆಯೂ ಗೊತ್ತು, ಹಾಗಾಗಿ ಅದನ್ನ ಬೇರೆ ಥರ ಕಟ್ಟೋ ಅವಕಾಶವೂ ಅವನಿಗೇ ಇರೋದು. ಅಂಥವನ ಗೇಟನ್ನ ನಾನು ಅಳೆಯೋದಾದರೆ ಕೇಳೋದು ಇಷ್ಟು. ದೋಣಿ ಓಡ್ತಾ ಇರುವಾಗಲೇ ಗೇಟನ್ನ ಒಳಗೆಳೆಯೋಕಾಗುತ್ತಾ? ಅಂಟಿಸಿದ ಗೇಟಿನಲ್ಲಿ ಅದು ಆಗಲ್ಲ, ಕೀಲು ಮತ್ತು ಮೋಟಾರಿನದರಲ್ಲಿ ಆಗುತ್ತೆ. ಆ ಒಂದು ಕಾರಣಕ್ಕೇ ಎರಡನೆಯದು ಒಳ್ಳೇ ಕೆಲಸ. ಗೇಟು ಒಳಗೆ ಹೋದರೂ ಅಲೆ ಹೋಗಲ್ಲ ಅಂತ ಆಗಲೇ ಹೇಳಿದೆ. ಹಾಗಾದರೆ ಹೊಟ್ಟೆಯ ನೀರು ಖಾಲಿಯಾಗೋಕೆ ಎಷ್ಟು ನಿಮಿಷ? ನಡುಗಡ್ಡೆ ಕಂಡ ಮೇಲೆ ಅಷ್ಟು ಸಮಯ ಸಿಗುತ್ತಾ? ಇವತ್ತಿನ ನೀರಿನ ಮಟ್ಟಕ್ಕೆ ಇವತ್ತಿನ ದಡ ಎಲ್ಲಿದೆ ಅಂತ ನೋಡಿಕೊಂಡು ಇಳಿದಿದ್ದಾನಾ?

ಇದಕ್ಕೆಲ್ಲ ಉತ್ತರ ಇರೋನು ಎಲ್ಲಿ ಬೇಕಾದರೂ ಗೇಟು ಕಟ್ಟಲಿ, ನಾನು ಚಪ್ಪಾಳೆ ತಟ್ಟುತ್ತೇನೆ. ಭದ್ರೆಯಲ್ಲಿ ಮಾತ್ರ, ಜನವರಿಯಿಂದ ಮೇ ತನಕ, ಸರಿಯಾದ ಉತ್ತರ ಒಂದೇ ಅನ್ನಿಸುತ್ತೆ. ಅವತ್ತು ದೋಣಿ ಇಳಿಸೋದು ಬೇಡ.