ಲೋಹದ ಕನ್ನಡಿಯಲ್ಲಿ ಯಾರ ಮುಖ?

ತರೀಕೆರೆಗೆ ಸಮೀಪದ ಅಮೃತಪುರದ ಅಮೃತೇಶ್ವರ ದೇವಾಲಯವು 1196ರಲ್ಲಿ ನಿರ್ಮಿತವಾದುದು. ಶಿಲ್ಪಿ ಮಲ್ಲಿತಮ್ಮನು ತನ್ನ ಕಸುಬನ್ನು ಆರಂಭಿಸಿದ್ದು ಇಲ್ಲಿಯೇ ಎಂದು ಹೇಳುತ್ತಾರೆ. ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಟ್ಟರು. ಆ ಮೂರ್ತಿ ತಮ್ಮ ಬಾಳಿಗೆ ಏನಾಗಿತ್ತೆಂಬುದನ್ನು ಮಾತ್ರ ಹೇಳಿಹೋಗಲಿಲ್ಲ. ನಮ್ಮ ಕಾಲದ ಶಿಲ್ಪಿಯಿಂದ ನಾವು ಅದನ್ನೂ ಕೇಳುತ್ತೇವೆ. ಬೆಂಗಳೂರಿನಲ್ಲಿ ನೆಲೆಸಿ ಕೆಲಸಮಾಡಿದ ಬಾಲನ್ ನಂಬಿಯಾರ್ ಅವರ ‘ಕನ್ನಡಿ ಬಿಂಬ’ದ ಕೃತಿಗಳನ್ನು ಇಲ್ಲಿ ಆ ದೃಷ್ಟಿಯಿಂದ ಪರಿಶೀಲಿಸಬಯಸುತ್ತೇನೆ.

ನಂಬಿಯಾರ್ 1937ರಲ್ಲಿ ಕಣ್ಣೂರು ಸೀಮೆಯ ಕಣ್ಣಪುರದಲ್ಲಿ ಹುಟ್ಟಿ, ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಶಿಲ್ಪವನ್ನು ಕಲಿತವರು. ತೆಯ್ಯಂ ಅವರ ಬಾಲ್ಯದ ಅಂಗಳದ ಆರಾಧನೆ. ತುಳುನಾಡಿನ ಭೂತಾರಾಧನೆಗೂ ಅದಕ್ಕೂ ಇರುವ ನಂಟು ನಮ್ಮ ಓದುಗರಿಗೆ ಹೊಸದಲ್ಲ; ಈ ಕರಾವಳಿಯ ಆರಾಧನೆಗಳನ್ನು ಅವರು ಛಾಯಾಚಿತ್ರಗಳಲ್ಲಿ ದೀರ್ಘಕಾಲ ದಾಖಲಿಸಿದ್ದಾರೆ. ಆ ನಾಡಿನಲ್ಲಿ ಹಿಡಿಯುಳ್ಳ ಲೋಹದ ಕನ್ನಡಿಯನ್ನೇ ಭಗವತಿಯೆಂದು ಪೂಜಿಸುವುದುಂಟು. ಅಲ್ಲಿ ಕಣ್ಣು ಮೂಗು ಕಡೆದ ಮೂರ್ತಿಯಿಲ್ಲ. ಉಜ್ಜಿ ಹೊಳಪಿಸಿದ ಲೋಹವಷ್ಟೇ ಇದೆ. ಆ ರೂಪವನ್ನು ನಂಬಿಯಾರ್ ತುಕ್ಕುಹಿಡಿಯದ ಉಕ್ಕಿಗೂ ಎನಾಮಲಿಗೂ ತಂದರು. ಎನಾಮಲ್ ಎಂದರೆ ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿಯನ್ನು ಹರಡಿ, ಸುಮಾರು 800 ಡಿಗ್ರಿ ಕಾವಿನಲ್ಲಿ ಬೆಸೆಯುವ ಕೆಲಸ. ಅವರ ಮಾವನವರಾದ ಇಟಲಿಯ ಪಾವೊಲೊ ದೆ ಪೋಲಿ ಈ ಕಲೆಯಲ್ಲಿ ಹೆಸರಾದವರು. ಹೀಗೆ ಈ ಬಿಂಬಗಳಲ್ಲಿ ಹುಟ್ಟೂರಿನ ಪೂಜೆಯೂ ಮಾವನ ಮನೆಯ ಕುಲುಮೆಯೂ ಕೂಡಿವೆ. ಎರಡರಲ್ಲಿ ನನಗೆ ಎನಾಮಲಿನ ಕೃತಿಗಳೇ ಮೇಲೆನಿಸುತ್ತವೆ. ಉಕ್ಕಿನ ಲೆಕ್ಕಾಚಾರ ನಿರ್ದುಷ್ಟವಾದದ್ದು, ಆದರೆ ತಣ್ಣಗಿದೆ. ತೆಯ್ಯಂನ ಬೆಂಕಿ ಉಳಿದಿರುವುದು ತಾಮ್ರದ ಮೇಲೆ ಕರಗಿದ ಕೆಂಪಿನಲ್ಲಿ.

ಕ್ರೈಸ್ತ ವಿಮರ್ಶಕನು ಇಲ್ಲಿ ಅವಸರಪಡುವುದು ಸುಲಭ. ಮುಖವಿಲ್ಲದ ಈ ಬಿಂಬವು ವಿಗ್ರಹವನ್ನು ನಿಷೇಧಿಸುವ ಆಜ್ಞೆಗೆ ಹೊಂದುತ್ತದೆಂದು ಹೇಳಿ, ಕೃತಿಗೆ ದೀಕ್ಷಾಸ್ನಾನ ಮಾಡಿಸಿಬಿಡಬಹುದು. ಅದು ಶಿಲ್ಪಿಗೂ ಆಜ್ಞೆಗೂ ಅನ್ಯಾಯ. ನೋಡುವವನು ತನ್ನ ಮುಖವನ್ನೇ ಕಂಡು ಕೈಮುಗಿಯುವ ಅಪಾಯ ಕನ್ನಡಿಯಲ್ಲಿ ಕಡಿಮೆಯೇನಲ್ಲ. ಸತ್ಯವೇದದ ಕನ್ನಡಿಗಳೂ ಲೋಹದವೇ. ಪೌಲನು ಕೊರಿಂಥದವರಿಗೆ ಹೇಳಿದ ಮಸುಕು ಲೋಹದ ಕನ್ನಡಿಯದು. ವಿಮೋಚನಕಾಂಡದ 38ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆಮಾಡುತ್ತಿದ್ದ ಸ್ತ್ರೀಯರ ಕನ್ನಡಿಗಳಿಂದ ತಾಮ್ರದ ತೊಟ್ಟಿಯನ್ನು ಮಾಡಿದರೆಂಬ ಒಂದೇ ಒಂದು ವಾಕ್ಯವಿದೆ. ಯಾಜಕರು ಕೈಕಾಲು ತೊಳೆದದ್ದು ಆ ತೊಟ್ಟಿಯ ನೀರಿನಲ್ಲಿ. ಆ ಸ್ತ್ರೀಯರ ಹೆಸರುಗಳಿಲ್ಲ. ಅವರು ಕೊಟ್ಟ ಲೋಹದಲ್ಲಿ ಅವರ ಮುಖಗಳು ಎಷ್ಟು ಸಲ ಮೂಡಿದ್ದವೋ! ಅದನ್ನು ನಮ್ಮ ವ್ಯಾಖ್ಯಾನಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ.

ನಂಬಿಯಾರರ ಕೃತಿಯ ಬಗ್ಗೆ ನನ್ನ ಆಕ್ಷೇಪ ಹುಟ್ಟುವುದೂ ಈ ಜಾಗದಲ್ಲಿಯೇ. ತೆಯ್ಯಂ ಕಟ್ಟುವವನು ಬಣ್ಣ ಬರೆದು, ಕಿರೀಟ ತೊಟ್ಟು, ಕೊನೆಗೆ ಕೈಗನ್ನಡಿಯಲ್ಲಿ ತನ್ನ ಮುಖವನ್ನು ನೋಡುತ್ತಾನೆ. ಆ ಗಳಿಗೆಯಿಂದ ಅವನು ದೈವ. ಅವನು ವಣ್ಣಾನ್, ಮಲಯನ್ ಮೊದಲಾದ ಕೆಳಗಿಟ್ಟ ಸಮುದಾಯಗಳವನು. ವರ್ಷವಿಡೀ ದೂರ ನಿಲ್ಲಿಸಿದವರೇ ಆ ಹೊತ್ತಿನಲ್ಲಿ ಅವನ ಮುಂದೆ ಬಾಗುತ್ತಾರೆ. ಕನ್ನಡಿಯ ಅರ್ಥ ಇರುವುದು ಅದನ್ನು ಹಿಡಿದ ಆ ಕೈಯಲ್ಲಿ. ಅದೇ ಕನ್ನಡಿ ಪ್ರದರ್ಶನಶಾಲೆಗೆ ಬಂದಾಗ ಅದರಲ್ಲಿ ಮೂಡುವುದು ಟಿಕೆಟು ಪಡೆದು ಬಂದ ನನ್ನಂಥವನ ಮುಖ. ಶಿಲ್ಪಿಯು ಪ್ರೀತಿಯಿಂದ ಉಳಿಸಿಕೊಂಡದ್ದು ಬಿಂಬದ ಆಕಾರ. ಆ ಒಬ್ಬ ಮನುಷ್ಯನು ಆಕಾರದಿಂದ ಜಾರಿಹೋಗಿದ್ದಾನೆ. ಇದು ಶಿಲ್ಪಿಯೊಬ್ಬರ ದೋಷವಲ್ಲ, ಆರಾಧನೆಯನ್ನು ಕಲೆಯಾಗಿ ಎತ್ತಿಡುವಾಗ ತೆರುವ ಬೆಲೆ. ಆದರೂ ಅದನ್ನು ಹೇಳದೆ ಕೃತಿಯನ್ನು ಹೊಗಳಲಾರೆ.

ಕಡೂರು, ಅಜ್ಜಂಪುರದ ಕಡೆಗೆ ಆರಾಧನೆ ನಡೆಸಲು ಹೋದಾಗ ಪೀಠದ ಮೇಲೆ ಅಂಗಡಿಯಿಂದ ತಂದ ಹೊಳೆಯುವ ಉಕ್ಕಿನ ಶಿಲುಬೆಯನ್ನು ಕಂಡಿದ್ದೇನೆ. ಯಾವ ಶಿಲ್ಪಿಯ ಬಾಳಿನ ಕಥೆಯೂ ಅದರ ಹಿಂದಿಲ್ಲ; ಅದನ್ನು ಕಲೆಯೆಂದು ಯಾರೂ ಕರೆಯರು. ಆದರೆ ಕರ್ತನ ಭೋಜನದ ಹೊತ್ತಿಗೆ ಮೊದಲು ಮುಂದೆ ಬಂದು ಮೊಣಕಾಲೂರಿದ ಕೂಲಿಯ ಹೆಂಗಸಿನ ಮುಖ ಅದರ ಅಡ್ಡಪಟ್ಟಿಯಲ್ಲಿ ಸ್ವಲ್ಪ ಸೊಟ್ಟಗೆ ಮೂಡಿತು. ಪಾತ್ರೆ ಹಿಡಿದು ಪಕ್ಕದಲ್ಲಿದ್ದ ನನಗೆ, ನಿಂತ ಕಡೆಯಿಂದ, ನನ್ನ ಮುಖ ಅದರಲ್ಲಿ ಕಾಣಲಿಲ್ಲ.