ಬಾಹುಬಲಿಯ ಹೆಸರು, ಕಾಲಕೇಯರ ಯುದ್ಧ: ಒಂದು ವಿಡಿಯೋ ಆಟದ ಪ್ರಥಮ ಪರಾಮರ್ಶೆ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಜೈನ ಮನೆಗಳಲ್ಲಿ ಬಾಹುಬಲಿ ಎಂಬ ಹೆಸರು ಮಕ್ಕಳಿಗೆ ಪರಿಚಯವಾಗುತ್ತಿದ್ದ ರೀತಿ ಒಂದೇ ಆಗಿತ್ತು. ನಡುಮನೆಯ ಗೋಡೆಯ ಮೇಲೆ ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಟವಿರುತ್ತಿತ್ತು. ಹಿರಿಯರೊಬ್ಬರು ಅದನ್ನು ತೋರಿಸಿ, ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟು, ಮೈಗೆ ಬಳ್ಳಿ ಹಬ್ಬುವವರೆಗೆ ನಿಂತು ತಪಗೈದವನ ಕಥೆಯನ್ನು ಹೇಳುತ್ತಿದ್ದರು. 2017ರ ನಂತರ ಅದೇ ಹೆಸರು ಮಕ್ಕಳಿಗೆ ಇನ್ನೊಂದು ದಾರಿಯಿಂದಲೂ ಬಂದಿತು. ಅದು ಅಂಗೈಯಗಲದ ದೂರವಾಣಿಯ ಪರದೆ. ಅಲ್ಲಿಯ ಬಾಹುಬಲಿ ಖಡ್ಗಧಾರಿ. ಅವನ ಬೆನ್ನ ಹಿಂದೆ ಸೈನ್ಯ, ಮುಂದೆ ಶತ್ರುಪಾಳೆಯ. ಒಂದೇ ಹೆಸರಿನ ಈ ಎರಡು ಮೂರ್ತಿಗಳು ಒಂದೇ ಮನೆಯಲ್ಲಿ ಎದುರುಬದುರಾದಾಗ ಶ್ರಾವಕ ಕುಟುಂಬಗಳು ಯೋಚಿಸಬೇಕಾದ ಸಂಗತಿಗಳು ಕೆಲವಿವೆ.

ಎಸ್.ಎಸ್. ರಾಜಮೌಳಿಯವರು ನಿರ್ದೇಶಿಸಿದ ‘ಬಾಹುಬಲಿ’ ಚಲನಚಿತ್ರದ ಮೊದಲ ಭಾಗ 2015ರ ಜುಲೈನಲ್ಲಿಯೂ ಎರಡನೆಯ ಭಾಗ 2017ರ ಏಪ್ರಿಲ್‌ನಲ್ಲಿಯೂ ತೆರೆಕಂಡವು. ಎರಡನೆಯ ಭಾಗ ಬಂದ ವರ್ಷವೇ ಆ ಚಿತ್ರವನ್ನು ಆಧರಿಸಿದ ‘ಬಾಹುಬಲಿ: ದಿ ಗೇಮ್’ ಎಂಬ ಆಟವೂ ಹೊರಬಂದಿತು. ಅದನ್ನು ರಚಿಸಿದ್ದು ಬೆಂಗಳೂರಿನದೇ ಸಂಸ್ಥೆಯಾದ ಮೂನ್‌ಫ್ರಾಗ್ ಲ್ಯಾಬ್ಸ್. ‘ತೀನ್ ಪತ್ತಿ ಗೋಲ್ಡ್’ ಎಂಬ ಇಸ್ಪೀಟಾಟದಿಂದ ಹೆಸರಾದ ಈ ಸಂಸ್ಥೆ 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸಮೂಹಕ್ಕೆ ಸೇರಿತು. ಇಂತಹ ಆಟಗಳು ಎಲ್ಲಿಯೋ ಜಪಾನು, ಅಮೆರಿಕಗಳಲ್ಲಿ ತಯಾರಾಗಿ ಮೆಜೆಸ್ಟಿಕ್ ಬಳಿಯ ಅಂಗಡಿಗಳಿಗೆ ಬರುತ್ತಿದ್ದ ಕಾಲ ಕಳೆಯಿತು. ಅವು ಈಗ ಇದೇ ಊರಿನಲ್ಲಿ, ಇಲ್ಲಿಯೇ ಓದಿದ ತರುಣರ ಕೈಯಿಂದ ಸಿದ್ಧವಾಗುತ್ತವೆ. ಆದುದರಿಂದ ‘ಪರದೇಶದ ಪಿಡುಗು’ ಎಂದು ದೂರ ನಿಲ್ಲುವ ಸೌಕರ್ಯ ಸಮಾಜಕ್ಕೆ ಉಳಿದಿಲ್ಲ.

ಆಟದ ಕಥಾವಸ್ತು ಸರಳವಾದುದು. ಮಾಹಿಷ್ಮತಿಯ ಮೇಲೆ ಕಾಲಕೇಯರು ದಂಡೆತ್ತಿ ಬಂದಿದ್ದಾರೆ. ಆಡುವವನು ರಾಜ್ಯವನ್ನು ಕಟ್ಟಬೇಕು, ಸೈನಿಕರನ್ನು ತರಬೇತುಗೊಳಿಸಬೇಕು, ಶತ್ರುಗಳನ್ನು ಹಿಮ್ಮೆಟ್ಟಿಸಬೇಕು. ಬಾಹುಬಲಿ, ಕಟ್ಟಪ್ಪ, ದೇವಸೇನೆ, ಭಲ್ಲಾಳದೇವ ಮೊದಲಾದ ಚಿತ್ರದ ಪಾತ್ರಗಳು ಜೊತೆಗಿರುತ್ತವೆ. ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 2012ರಲ್ಲಿ ತಂದ ‘ಕ್ಲಾಷ್ ಆಫ್ ಕ್ಲಾನ್ಸ್’ ಹಾಕಿಕೊಟ್ಟ ಹಾದಿಯಲ್ಲಿಯೇ ಇದು ನಡೆಯುತ್ತದೆ.

ಪ್ರಥಮ ನೋಟದಲ್ಲಿ ಆಟದ ಗುಣಗಳನ್ನು ಮರೆಮಾಚುವುದು ನ್ಯಾಯವಲ್ಲ. ಬಂದೂಕಿನ ಗುರಿಯ ಹಿಂದೆ ಆಡುವವನ ಕಣ್ಣನ್ನೇ ಇರಿಸಿ, ಎದುರಿಗೆ ಬಂದವರನ್ನು ಉರುಳಿಸುತ್ತ ಹೋಗಿಸುವ ಆಟಗಳ ಕ್ರೌರ್ಯ ಇದರಲ್ಲಿಲ್ಲ. ಇಲ್ಲಿ ದೃಷ್ಟಿ ಮೇಲಿನಿಂದ, ಚದುರಂಗದ ಹಾಸನ್ನು ನೋಡಿದಂತೆ ಇರುತ್ತದೆ. ಯೋಜನೆ, ತಾಳ್ಮೆ, ಮುಂದಾಲೋಚನೆಗಳಿಗೆ ಅವಕಾಶವುಂಟು. ಇನ್ನು ಹೆಸರಿನ ವಿಷಯ: ‘ಬಾಹುಬಲಿ’ ಎಂಬುದು ತೋಳ್ಬಲವುಳ್ಳವನು ಎಂಬರ್ಥದ ಸಂಸ್ಕೃತ ಪದ. ಅದರ ಮೇಲೆ ಯಾರಿಗೂ ಒಡೆತನವಿಲ್ಲ. ಚಿತ್ರದ ನಾಯಕ ಆದಿನಾಥ ಸ್ವಾಮಿಯ ಪುತ್ರನೆಂದು ಯಾರೂ ಹೇಳಿಕೊಂಡಿಲ್ಲ. ಆದುದರಿಂದ ಇಲ್ಲಿ ಅಪಚಾರವನ್ನು ಹುಡುಕಿ ಪ್ರತಿಭಟಿಸುವ ಕಾರಣವಿಲ್ಲ. ಯುದ್ಧವೆಂಬ ವಸ್ತುವೂ ಜೈನರಿಗೆ ಅಪರಿಚಿತವಲ್ಲ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದವನು. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಒದಗುವ ವಿರೋಧೀ ಹಿಂಸೆಯನ್ನು ಶಾಸ್ತ್ರವು ಗೃಹಸ್ಥನ ಪಾಲಿಗೆ ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿಯೇ ಎಣಿಸುತ್ತದೆ. ಮಾಹಿಷ್ಮತಿಯನ್ನು ಕಾಯುವ ಯುದ್ಧವೂ ಮೇಲ್ನೋಟಕ್ಕೆ ಆ ಬಗೆಯದೇ.

ಹಾಗಾದರೆ ಆಕ್ಷೇಪವೇನು? ಆಟವಾಡುವ ಮಗುವನ್ನು ಹಿರಿಯರು ಗದರಿಸಿದಾಗ ಬರುವ ಉತ್ತರ ಬಹುತೇಕ ಮನೆಗಳಲ್ಲಿ ಒಂದೇ: “ಇದು ಬರೀ ಆಟ ಅಜ್ಜಿ, ಯಾರೂ ನಿಜವಾಗಿ ಸಾಯೋದಿಲ್ಲ.” ಈ ಮಾತನ್ನು ಉಡಾಫೆಯೆಂದು ತಳ್ಳಿಹಾಕಬಾರದು. ಅದು ಗಂಭೀರವಾದ ಪ್ರಶ್ನೆ. ಕನ್ನಡದ ಜೈನ ಕವಿಯೊಬ್ಬನು ಎಂಟು ಶತಮಾನಗಳ ಹಿಂದೆಯೇ ಅದನ್ನು ಎತ್ತಿಕೊಂಡಿದ್ದಾನೆ.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ಓದುಗರು ಬಲ್ಲರು. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಜೀವಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತನ್ನೂ ಮೀರಲಾರದೆ, ಜೀವವನ್ನೂ ಕೊಲ್ಲಲಾರದೆ, ಹಿಟ್ಟಿನ ಕೋಳಿಯನ್ನು ಕಡಿಯುವ ಉಪಾಯಕ್ಕೆ ಮಣಿಯುತ್ತಾನೆ. ಲೋಕದ ಲೆಕ್ಕದಲ್ಲಿ ಅಲ್ಲಿ ಯಾರೂ ಸಾಯಲಿಲ್ಲ. ಆದರೂ ಕತ್ತಿ ಬಿದ್ದಾಗ ಆ ಕೋಳಿ ಕೂಗಿತು. ತಾಯಿ-ಮಗ ಇಬ್ಬರೂ ಹಲವು ಜನ್ಮಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ನೊಂದರು. ಕೊಲ್ಲಲ್ಪಡುವ ವಸ್ತುವಿನಲ್ಲಿ ಪ್ರಾಣವಿದೆಯೇ ಎಂಬುದರ ಜೊತೆಗೆ, ಕತ್ತಿಯೆತ್ತುವವನ ಭಾವವೇನು ಎಂಬುದನ್ನೂ ಜಿನಧರ್ಮವು ಕೇಳುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೆಸರಿಸಿರುವುದು ಇದೇ ಕಾರಣಕ್ಕಾಗಿ.

ಆದರೆ ಹಿಟ್ಟಿನ ಕೋಳಿಯ ದೃಷ್ಟಾಂತವನ್ನು ಹಾಗೆಯೇ ಎತ್ತಿ ಮಗುವಿನ ಮೇಲೆ ಹೊರಿಸುವುದೂ ತಪ್ಪಾಗುತ್ತದೆ. ಯಶೋಧರನ ಕ್ರಿಯೆ ಬಲಿಯೇ ಆಗಿತ್ತು. ಜೀವಕ್ಕೆ ಬದಲಾಗಿ ಹಿಟ್ಟನ್ನಿಟ್ಟನಾದರೂ ಕೊಲ್ಲುವ ಸಂಕಲ್ಪವನ್ನು ಅವನು ಬದಲಿಸಲಿಲ್ಲ. ಆಟವಾಡುವ ಬಾಲಕನ ಸಂಕಲ್ಪ ಕೊಲ್ಲುವುದಲ್ಲ, ಗೆಲ್ಲುವುದು. ಚದುರಂಗದಲ್ಲಿ ಆನೆಯನ್ನು ‘ಹೊಡೆದೆ’ ಎನ್ನುವವನೂ ರಂಗಸ್ಥಳದಲ್ಲಿ ಕೀಚಕನನ್ನು ‘ಕೊಂದ’ ಯಕ್ಷಗಾನದ ಭೀಮನೂ ಹಿಂಸಕರೆಂದು ಯಾರೂ ಹೇಳುವುದಿಲ್ಲ. ಆದುದರಿಂದ ಪರೀಕ್ಷಿಸಬೇಕಾದುದು ಪರದೆಯ ಮೇಲೆ ಬಿದ್ದ ಗೊಂಬೆಗಳ ಸಂಖ್ಯೆಯನ್ನಲ್ಲ. ಆಟವು ಆಡುವವನಲ್ಲಿ ಯಾವ ಭಾವವನ್ನು ದಿನದಿನವೂ ಅಭ್ಯಾಸ ಮಾಡಿಸುತ್ತದೆ ಎಂಬುದನ್ನು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಅಪಧ್ಯಾನವನ್ನು, ಅಂದರೆ ಪರರ ಸೋಲು-ಕೇಡುಗಳನ್ನು ಪ್ರಯೋಜನವಿಲ್ಲದೆ ಮನಸ್ಸಿನಲ್ಲಿ ಮೆಲುಕುಹಾಕುವುದನ್ನು, ಎಣಿಸಿದ್ದಾರೆ. ಪ್ರಕೃತ ಆಟಕ್ಕೆ ಹೆಚ್ಚು ಒಪ್ಪುವ ಒರೆಗಲ್ಲು ಅದು.

ಈ ಒರೆಗಲ್ಲಿಗೆ ಹಚ್ಚಿದಾಗ ಮೂಲ ಚಲನಚಿತ್ರಕ್ಕೂ ಆಟಕ್ಕೂ ಇರುವ ಅಂತರ ತಿಳಿಯುತ್ತದೆ. ಚಿತ್ರವು ಹಿಂಸಾದೃಶ್ಯಗಳಿಂದ ತುಂಬಿದ್ದರೂ ಅದರ ಮೊದಲ ಭಾಗದಲ್ಲಿ ಎರಡು ಗಮನಾರ್ಹ ಪ್ರಸಂಗಗಳಿವೆ. ಯುದ್ಧಕ್ಕೆ ಮುನ್ನ ದೇವಿಗೆ ಕೋಣನನ್ನು ಬಲಿಕೊಡುವ ಸಂದರ್ಭ ಬಂದಾಗ ಬಾಹುಬಲಿಯು ಮೂಕಪ್ರಾಣಿಯನ್ನು ಕೊಲ್ಲಲು ನಿರಾಕರಿಸಿ ತನ್ನ ಕೈಯ ರಕ್ತವನ್ನೇ ಅರ್ಪಿಸುತ್ತಾನೆ. ಯಶೋಧರನಿಗೆ ಹೊಳೆಯದೆ ಹೋದ ಮಾರ್ಗವೊಂದು ಅಲ್ಲಿ ಕಾಣುತ್ತದೆ. ಎರಡನೆಯದಾಗಿ, ಕಾಲಕೇಯರು ಸೆರೆಹಿಡಿದ ಪ್ರಜೆಗಳನ್ನು ಗುರಾಣಿಯಂತೆ ಮುಂದಿಟ್ಟುಕೊಂಡಾಗ ಭಲ್ಲಾಳದೇವನು ಅವರನ್ನೂ ತುಳಿದು ಮುನ್ನುಗ್ಗುತ್ತಾನೆ. ಬಾಹುಬಲಿಯಾದರೋ ಅವರನ್ನು ಉಳಿಸಿಕೊಂಡು ಹೋರಾಡುತ್ತಾನೆ. ಕಾಲಕೇಯರ ನಾಯಕನನ್ನು ಕೊಂದವನು ಭಲ್ಲಾಳನೇ. ಆದರೂ ಶಿವಗಾಮಿಯು ರಾಜ್ಯವನ್ನು ಬಾಹುಬಲಿಗೆ ಕೊಡುತ್ತಾಳೆ. ಎಷ್ಟು ಜನರನ್ನು ಕೊಂದೆ ಎಂಬುದಲ್ಲ, ಎಷ್ಟು ಜನರನ್ನು ಉಳಿಸಿದೆ ಎಂಬುದು ಆ ತಾಯಿಯ ಅಳತೆಗೋಲು.

ಆಟದ ಅಳತೆಗೋಲು ಬೇರೆ. ಅಲ್ಲಿ ಭಲ್ಲಾಳದೇವನೂ ಬಾಹುಬಲಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ನಡುವಿನ ನೈತಿಕ ಭೇದ ಅಳಿದು, ಇಬ್ಬರೂ ಪಡೆಯ ಬಲವನ್ನು ಹೆಚ್ಚಿಸುವ ಸಾಧನಗಳಾಗುತ್ತಾರೆ. ಈ ವರ್ಗದ ಆಟಗಳಲ್ಲಿ ಸೈನಿಕನೆಂದರೆ ಒಂದು ಸಂಖ್ಯೆ. ಕಳುಹಿಸಿದವರು ಬಿದ್ದುಹೋದರೆ ಸಂಪತ್ತನ್ನು ವ್ಯಯಿಸಿ ಮತ್ತೊಂದು ತಂಡವನ್ನು ತಯಾರಿಸಿಕೊಳ್ಳಬಹುದು. ಬಿದ್ದವನಿಗೆ ಹೆಸರಿಲ್ಲ, ಮನೆಯಿಲ್ಲ, ಅಳುವವರಿಲ್ಲ. ನೆತ್ತರು ಕಾಣಿಸುವುದಿಲ್ಲವೆಂದು ಸಮಾಧಾನಪಡುವ ಪೋಷಕರು ಇದನ್ನು ಆಲೋಚಿಸಬೇಕು. ನೆತ್ತರನ್ನು ಕಂಡ ಮಗು ಒಮ್ಮೆಯಾದರೂ ಅಳುಕುತ್ತದೆ. ಸಂಖ್ಯೆಯನ್ನು ಕಂಡ ಮಗುವಿಗೆ ಅಳುಕುವ ಪ್ರಸಂಗವೇ ಬರುವುದಿಲ್ಲ. ಚಿತ್ರವು ದಯೆಗಾಗಿ ಕಿರೀಟವನ್ನು ಕೊಟ್ಟಿತು. ಆಟದ ಲೆಕ್ಕಪುಸ್ತಕದಲ್ಲಿ ದಯೆಗೆ ಒಂದು ಅಂಕಣವೂ ಇಲ್ಲ. ಈ ಆಟದ ನಿಜವಾದ ಕೊರತೆ ಇಲ್ಲಿದೆ.

ಇನ್ನೊಂದು ಕೊರತೆ ಪರಿಗ್ರಹಕ್ಕೆ ಸಂಬಂಧಿಸಿದುದು. ಚದುರಂಗಕ್ಕೆ ಅಂತ್ಯವುಂಟು, ಆಡಿದವರು ಹಾಸನ್ನು ಮಡಿಸಿ ಊಟಕ್ಕೇಳುತ್ತಾರೆ. ರಾಜ್ಯ ಕಟ್ಟುವ ಈ ಬಗೆಯ ಆಟಗಳಿಗೆ ಅಂತ್ಯವಿಲ್ಲ. ಒಂದು ಕೋಟೆಯಾದ ಮೇಲೆ ಇನ್ನೂ ಎತ್ತರದ ಕೋಟೆ, ಒಂದು ಕಣಜದ ಮೇಲೆ ಇನ್ನೊಂದು ಕಣಜ. ಕಾಯುವ ಹೊತ್ತನ್ನು ಕಡಿಮೆ ಮಾಡಿಕೊಳ್ಳಲು ನಿಜವಾದ ಹಣವನ್ನು ತೆರುವ ಏರ್ಪಾಡು ಇವುಗಳಲ್ಲಿ ವಾಡಿಕೆ. ಶ್ರಾವಕನ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ: ಇಷ್ಟು ಸಾಕು ಎಂದು ತಾನೇ ಗೆರೆ ಎಳೆದುಕೊಳ್ಳುವುದು. ಆ ಗೆರೆಯನ್ನು ಆಡುವವನು ಎಂದೂ ಎಳೆಯದಂತೆ ನೋಡಿಕೊಳ್ಳುವುದೇ ಈ ಉದ್ಯಮದ ಜಾಣ್ಮೆ. ದೇಶವನ್ನು ಕಾಯುವ ಯುದ್ಧವಾದರೂ ಶತ್ರು ಹಿಮ್ಮೆಟ್ಟಿದೊಡನೆ ಮುಗಿಯಬೇಕು. ಮುಗಿಯದ ಯುದ್ಧಕ್ಕೆ ರಕ್ಷಣೆಯ ಹೆಸರು ಸಲ್ಲದು.

ಹೀಗೆಂದು ಸ್ಪರ್ಧೆಯನ್ನೇ ಜೈನ ಪರಂಪರೆ ಒಲ್ಲದೆಂದು ತಿಳಿಯಬೇಕಾಗಿಲ್ಲ. ಪಂಪನು 941ರಲ್ಲಿ ಮುಗಿಸಿದ ‘ಆದಿಪುರಾಣ’ದಲ್ಲಿ ಭರತ-ಬಾಹುಬಲಿಯರ ಸೈನ್ಯಗಳು ಎದುರಾದಾಗ, ಅಣ್ಣತಮ್ಮಂದಿರ ಹಟಕ್ಕೆ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ನಡುವೆ ಬರುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಸ್ಪರ್ಧೆಗಳು ಗೊತ್ತಾಗುತ್ತವೆ. ಕಟ್ಟುನಿಟ್ಟಾದ ನಿಯಮಗಳುಳ್ಳ, ಗೆಲುವು ಸೋಲುಗಳುಳ್ಳ, ಒಂದು ಜೀವವೂ ಹೋಗದ ಆಟವೇ ಅದು! ಅಲ್ಲಿ ನಿಯಮಗಳು ಹುಟ್ಟಿದ್ದೇ ದಯೆಯಿಂದ. ಮೂರರಲ್ಲಿಯೂ ಗೆದ್ದ ಬಾಹುಬಲಿಯು ಅಣ್ಣನನ್ನು ಮೇಲೆತ್ತಿದರೂ ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸಿದನು. ಗೆಲುವಿನ ತುದಿಯಲ್ಲಿ ನಿಂತು ಗೆಲುವಿನ ಟೊಳ್ಳನ್ನು ಕಂಡನು. ರತ್ನಾಕರವರ್ಣಿಯು ‘ಭರತೇಶ ವೈಭವ’ದಲ್ಲಿ ಇನ್ನೂ ಮುಂದೆ ಹೋಗಿ, ಆ ಮೂರು ಸ್ಪರ್ಧೆಗಳೂ ಬೇಡವಾಗುವಂತೆ ಭರತನ ಮಾತಿನಿಂದಲೇ ತಮ್ಮನ ಮನಸ್ಸನ್ನು ತಿರುಗಿಸಿದನು. ಬೆಂಗಳೂರಿನ ತರುಣ ತಂತ್ರಜ್ಞರಲ್ಲಿ ಜೈನ ಮನೆಗಳ ಮಕ್ಕಳೂ ಇದ್ದಾರೆ. ಉಳಿಸಿದವನಿಗೆ ಅಂಕ ಕೊಡುವ, ಸೋತವನನ್ನು ಮೆಲ್ಲನೆ ಇಳಿಸುವ ಆಟವೊಂದನ್ನು ಕಟ್ಟಲು ಬೇಕಾದ ಕಥಾವಸ್ತು ಅವರ ಮನೆಯಲ್ಲಿಯೇ ಸಾವಿರ ವರ್ಷಗಳಿಂದ ಇದೆ.

ಅಲ್ಲಿಯವರೆಗೆ ಪೋಷಕರ ಕರ್ತವ್ಯವೇನು? ದೂರವಾಣಿಯನ್ನು ಕಸಿದುಕೊಂಡರೆ ಆಟವು ಮನೆಯಿಂದ ಹೊರಕ್ಕೆ ಹೋಗಬಹುದೇ ಹೊರತು ಮನಸ್ಸಿನಿಂದ ಹೋಗುವುದಿಲ್ಲ. ಅದಕ್ಕಿಂತ ಮಗುವಿನ ಪಕ್ಕದಲ್ಲಿ ಕುಳಿತು ಒಮ್ಮೆ ಆಟವನ್ನು ನೋಡುವುದು ಲೇಸು. ಬಿದ್ದ ಸೈನಿಕರು ಎಷ್ಟು ಮಂದಿ, ಅವರಲ್ಲಿ ಒಬ್ಬನನ್ನಾದರೂ ಉಳಿಸುವ ದಾರಿ ಆಟದಲ್ಲಿತ್ತೇ, ಇಷ್ಟು ಸಾಕೆಂದು ಯಾವಾಗ ಅನಿಸಿತು ಎಂದು ಕೇಳಬಹುದು. ಆಡುವ ಹೊತ್ತಿಗೆ ಮಗುವೇ ಗೆರೆ ಎಳೆದುಕೊಳ್ಳುವಂತೆ ಮಾಡಿದರೆ ಅದು ಚಿಕ್ಕದೊಂದು ಪರಿಮಾಣ ವ್ರತವೇ ಆಗುತ್ತದೆ. ಬಸದಿಗಳ ಟ್ರಸ್ಟುಗಳು ನಡೆಸುವ ಪಾಠಶಾಲೆಗಳಲ್ಲಿ ಹಿಟ್ಟಿನ ಕೋಳಿಯ ಕಥೆಯನ್ನು ಪರೀಕ್ಷೆಯ ಪ್ರಶ್ನೆಯಾಗಿ ಬಾಯಿಪಾಠ ಮಾಡಿಸುವ ಬದಲು, ಮಕ್ಕಳು ಆಡುವ ಆಟಗಳೊಡನೆ ಇರಿಸಿ ಚರ್ಚಿಸಿದರೆ ಜನ್ನನ ಕಾವ್ಯವೂ ಅವರ ಬಾಳಿಗೆ ಹತ್ತಿರವಾದೀತು.

2017ರಲ್ಲಿ ಈ ಆಟ ಬಂದಿತು. ಮರುವರ್ಷ ಫೆಬ್ರವರಿಯಲ್ಲಿ ವಿಂಧ್ಯಗಿರಿಯ ಮೇಲೆ ಮಹಾಮಸ್ತಕಾಭಿಷೇಕ ನಡೆಯಿತು. ಎರಡನ್ನೂ ಕಂಡ ಮಕ್ಕಳು ಈಗ ಬೆಳೆದಿದ್ದಾರೆ. ಅವರ ತಮ್ಮತಂಗಿಯರ ಕೈಯಲ್ಲಿ ಬೇರೆ ಬೇರೆ ಹೆಸರಿನ ಹೊಸ ಆಟಗಳಿವೆ. ಬಾಹುಬಲಿ ಎಂದೊಡನೆ ಆ ಮಕ್ಕಳಿಗೆ ಕತ್ತಿಯೆತ್ತಿದವನು ಮಾತ್ರ ನೆನಪಾದರೆ ತಪ್ಪು ಆಟದವರದಲ್ಲ. ಅಣ್ಣನನ್ನು ಮೆಲ್ಲನೆ ಕೆಳಗಿಳಿಸಿದವನ ಕಥೆಯನ್ನು ಹೇಳಬೇಕಾದವರು ಮನೆಯ ಹಿರಿಯರು. ಆ ಕಥೆಯನ್ನು ಈ ರಾತ್ರಿಯೇ ಹೇಳಲು ಅಡ್ಡಿಯೇನೂ ಇಲ್ಲ.